ಮೊದಲ ಸಾಲಿನ ಕ್ಷೇಮ

ನನಗೊಂದು ದುರಭ್ಯಾಸವಿದೆ. ಯಾರಾದರೂ ಕಾರ್ಡು ಬರೆಸಲು ಬಂದರೆ, ಅವರು ಜಗಲಿಯ ಮೇಲೆ ಕೂರುವಷ್ಟರಲ್ಲಿ ‘ಇಲ್ಲಿ ನಾವೆಲ್ಲರೂ ಕ್ಷೇಮ’ ಎಂದು ಬರೆದು ಮುಗಿಸಿರುತ್ತೇನೆ. ತೂಬಗೆರೆಗೆ ಶಾಲೆಯ ಮೇಷ್ಟ್ರಾಗಿ ಬಂದ ಮೇಲೆ ನಾನು ಅತಿ ಹೆಚ್ಚು ಬರೆದಿರುವುದು ಇದೊಂದೇ ಸಾಲು. ಹಲ್ಲುನೋವಿನವನೂ ಕ್ಷೇಮ, ಹಸು ಕಳೆದುಕೊಂಡವನೂ ಕ್ಷೇಮ. ಯುದ್ಧಕ್ಕೆ ಹೋದವರೇ ಅಲ್ಲಿಂದ ಕ್ಷೇಮವೆಂದು ಬರೆಯುತ್ತಿರುವಾಗ ನನ್ನದೇನು ಮಹಾ!

ಇಲ್ಲದ್ದು ಕೈಸೇರುವುದು ಯೋಗ, ಸೇರಿದ್ದು ಉಳಿಯುವುದು ಕ್ಷೇಮ ಎನ್ನುತ್ತಾರೆ ಶಾಸ್ತ್ರ ಬಲ್ಲವರು. ನಮ್ಮೂರಲ್ಲಿ ಅರ್ಥ ಇನ್ನೂ ಸರಳ: ಯಾರೂ ಸತ್ತಿಲ್ಲ. ಆ ಮಾತಿಲ್ಲದ ಕಾರ್ಡು ಬಂದರೆ ಮುಂದಿನ ಸಾಲು ಓದುವ ಮೊದಲೇ ಮನೆಯಲ್ಲಿ ಗೋಳು ಶುರುವಾಗುತ್ತದೆ.

ಕಳೆದ ಸುಗ್ಗಿಯ ಹೊತ್ತಿಗೆ ಪಕ್ಕದ ಮನೆಯ ಮುನಿಯಮ್ಮ ಚಳಿಜ್ವರದಲ್ಲಿ ನಡುಗುತ್ತ ಬಂದಳು. ನಮ್ಮ ಸೀಮೆಯದೇ ಮಧುರೆ ಹಳ್ಳಿಗೆ ಕೊಟ್ಟ ಒಬ್ಬಳೇ ಮಗಳು ನಂಜಿಯನ್ನು ನೋಡಬೇಕಂತೆ. ಎರಡು ವರ್ಷದಿಂದ ಬೀಗರು ಕಳಿಸಿರಲಿಲ್ಲ. ಬರೆದೆ. ವಾರಕ್ಕೆ ಉತ್ತರ ಬಂತು: ‘ತಾವೆಲ್ಲ ಕ್ಷೇಮವೆಂದು ತಿಳಿದು ಸಂತೋಷ. ರಾಗಿ ಕೊಯ್ಲು ಮುಗಿದ ಮೇಲೆ ಕಳಿಸುತ್ತೇವೆ.’ ನನ್ನ ಕಾರ್ಡಿನಲ್ಲಿ ಜ್ವರದ ಸುದ್ದಿ ಮೂರನೆಯ ಸಾಲಿನಲ್ಲಿತ್ತು. ಅವರ ಮನಸ್ಸು ಮೊದಲ ಸಾಲಿಗೇ ತಣ್ಣಗಾಗಿತ್ತು.

ನನಗೆ ನಿಜಕ್ಕೂ ಭಯವಾಯಿತು. ಮಗಳ ಮುಖ ನೋಡದೆ ಈ ಹೆಂಗಸು ಹೋಗಿಬಿಟ್ಟರೆ ತಪ್ಪು ನನ್ನ ಅಂದದ ಅಕ್ಷರದ್ದೇ.

“ಈ ಸಲ ಕ್ಷೇಮ ಬರೀಬ್ಯಾಡಿ ಮೇಷ್ಟ್ರೇ,” ಎಂದಳು ಮುನಿಯಮ್ಮ.

“ಸತ್ತೇ ಹೋದೆ ಅಂದ್ಕೊಳ್ತಾರೆ ಕಣಮ್ಮ!”

“ಅಂದ್ಕೊಳ್ಲಿ ಬುಡಿ. ಬದುಕಿರೋ ಅವ್ವನ್ನ ನೋಡಕ್ಕೆ ಕಳಿಸ್ನಿಲ್ವಲ್ಲ.”

‘ನಂಜಿಯನ್ನು ಕೂಡಲೇ ಕರೆದುಕೊಂಡು ಬನ್ನಿ’ ಎಂದಷ್ಟೇ ಬರೆದೆ. ನಾಲ್ಕನೆಯ ದಿನ ಬೆಳಿಗ್ಗೆ ಎರಡು ಗಾಡಿ ತುಂಬ ಅಳು ಬಂತು. ಬೀಗರು ಹೂವಿನ ಹಾರ ಹಿಡಿದೇ ಇಳಿದರು. ಜ್ವರ ಬಿಟ್ಟಿದ್ದ ಮುನಿಯಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬೀಗರು ನನ್ನತ್ತ ತಿರುಗಿ ನೋಡಿದ ನೋಟವನ್ನು ವರ್ಣಿಸಲಾರೆ. ನಂಜಿ ಮಾತ್ರ ಯಾರನ್ನೂ ನೋಡಲಿಲ್ಲ. ಓಡಿಹೋಗಿ ಅವ್ವನನ್ನು ತಬ್ಬಿಕೊಂಡಳು. ಅವರೆಕಾಯಿ ಅಂಗಳದ ತುಂಬ ಚೆಲ್ಲಿತು. ಹಾರವನ್ನು ಏನು ಮಾಡುವುದೆಂದು ತಿಳಿಯದೆ ಬೀಗರು ಅದನ್ನು ಎತ್ತಿನ ಕೊರಳಿಗೆ ಹಾಕಿದರು.

ವಾರ ಕಳೆದು ಇನ್ನೊಂದು ಕಾರ್ಡಿಗೆ ಮುನಿಯಮ್ಮ ನನ್ನನ್ನು ತನ್ನ ಜಗಲಿಗೇ ಕರೆದಳು. “ನಂಜಿ ಇನ್ನೊಂದು ತಿಂಗ್ಳು ಇಲ್ಲೇ ಇರ್ತಾಳೆ ಅಂತ ಬರೀರಿ. ಮೊದ್ಲು ಕ್ಷೇಮ ಹಾಕಿ.”

ಲೇಖನಿ ತಾನಾಗಿಯೇ ಓಡಲು ಹೊರಟಿತು; ನಾನು ತಡೆದೆ. ತಲೆಯೆತ್ತಿ ನೋಡಿದೆ. ನಂಜಿ ಹಿಂದೆ ಕೂತು ಅವ್ವನ ತಲೆ ಬಾಚುತ್ತಿದ್ದಳು. ಸಿಕ್ಕು ಎಳೆದಾಗಲೆಲ್ಲ ಮುನಿಯಮ್ಮ ಮಗಳನ್ನು ಬೈಯುತ್ತ, ಬೈದು ಬೈದು ನಗುತ್ತಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ, ಕಣ್ಣಾರೆ ನೋಡಿಕೊಂಡು ಆ ಸಾಲನ್ನು ಬರೆದೆ.