ಅಮ್ಮನಲ್ಲಿ ಉಳಿದಿದ್ದ ಕೆಲಸ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ "ಸಾಕು ಬಿಡ್ರಪ್ಪ" ಎಂದು ಎದ್ದು ಹೋಗುತ್ತಿದ್ದವಳು ನಾನು. ನೀವೂ ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ಹಿಂದೂಪುರದ ಒಂದು ಸಣ್ಣ ಆಸ್ಪತ್ರೆಗೆ ಡಯಾಲಿಸಿಸ್ ರೋಗಿಗಳ ಸರದಿ ಹಂಚುವ ಆ್ಯಪ್ ಮಾಡಿಕೊಡುತ್ತಿದ್ದೆ. ಕೋಡ್ ಬರೆಯಲು ಎಐ ಜೊತೆಗಿತ್ತು. ಅದೇನೋ ಬಲು ಜಾಣ, ಆದರೆ ಒಂದು ಸಲ ಮುಚ್ಚಿ ತೆರೆದರೆ ನಿನ್ನೆಯದೇನೂ ಅದಕ್ಕೆ ನೆನಪಿರುತ್ತಿರಲಿಲ್ಲ. ಅದಕ್ಕೇ ಏನು ಮುಗಿಯಿತು, ಏನು ಬಾಕಿ, ಯಾವುದನ್ನು ಮುಟ್ಟಬಾರದು, ಎಲ್ಲವನ್ನೂ ಒಂದು ಫೈಲಿನಲ್ಲಿಟ್ಟು ದಿನಾ ಬೆಳಿಗ್ಗೆ ಅದಕ್ಕೆ ಓದಿಸುತ್ತಿದ್ದೆ. ಟೈಪ್ ಮಾಡಲು ನನಗೆ ಸೋಮಾರಿತನ. ಬಹುಪಾಲು ಬಾಯಲ್ಲೇ ಹೇಳಿ ಬರೆಸುತ್ತಿದ್ದೆ.

ನನ್ನ ಮನೆ ಹಿಂದೂಪುರದಲ್ಲೇ, ಆದರೆ ಆಗ ಅಮ್ಮನನ್ನು ನೋಡಿಕೊಳ್ಳಲು ಕಲ್ಯಾಣದುರ್ಗದ ಅಣ್ಣನ ಮನೆಯಲ್ಲಿದ್ದೆ. ಅಮ್ಮನಿಗೆ ಮರೆವಿನ ಕಾಯಿಲೆ. ಅವಳ ಮಂಚದ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿದ್ದೆ. "ನಿನ್ ಮಗಳು ಕಣಮ್ಮ" ಎಂದು ದಿನಾ ಹೇಳಿದರೂ ಹೂಂ ಎಂದು ಮುಖ ತಿರುಗಿಸುತ್ತಿದ್ದಳು. ಒಂದೇ ಒಂದು ಸಲ ಗುರುತು ಹಿಡಿದರೆ ಸಾಕು ಎಂದು ಜೀವ ಹಂಬಲಿಸುತ್ತಿತ್ತು.

ನಾಳೆ ಆ್ಯಪ್ ಶುರುವಾಗಬೇಕು ಎನ್ನುವಾಗ ನನ್ನ ಲ್ಯಾಪ್‌ಟಾಪ್ ಕೈಕೊಟ್ಟಿತು. ಕೋಡ್ ಆನ್‌ಲೈನಿನಲ್ಲಿ ಭದ್ರವಾಗಿತ್ತು. ಹಾಳಾದ ಆ ಫೈಲ್ ಮಾತ್ರ ಲ್ಯಾಪ್‌ಟಾಪಿನಲ್ಲೇ ಉಳಿದಿತ್ತು. ಅತ್ತಿಗೆಯ ಲ್ಯಾಪ್‌ಟಾಪ್ ತೆರೆದರೆ, ಎಐ ಹೊಸಬರ ಹಾಗೆ ಏನು ಮಾಡಬೇಕೆಂದು ಕೇಳಿತು. ಗಾಬರಿಗೆ ನನ್ನ ತಲೆಯೂ ಖಾಲಿ. ಇದರಲ್ಲಿ ತಪ್ಪಾದರೆ ಅನುಭವಿಸುವವರು ರೋಗಿಗಳು. "ಎಲ್ಲಿಗೆ ನಿಲ್ಸಿದ್ನೋ ದೇವ್ರೇ" ಎಂದು ಜೋರಾಗಿಯೇ ಅಂದೆ.

ಮಂಚದ ಮೇಲಿಂದ ಅಮ್ಮ ಶುರು ಮಾಡಿದಳು.

"ಲಾಗಿನ್ನು ಮುಗ್ದೈತೆ. ಮೆಸೇಜು ಎರಡೆರಡು ಸಲ ಹೋಗ್ತಾವೆ, ಅದೊಂದು ಬಾಕಿ. ಕಾಮಾಲೆ ಇರೋರ ಮಿಷಿನ್ನು ಬ್ಯಾರೆ, ಅದ್ನ ಮುಟ್ಬ್ಯಾಡ. ಪರಿಗಿ ಕಡೆಯೋರಿಗೆ ಸಾಯಂಕಾಲ ಹಾಕ್ಬ್ಯಾಡ, ವಾಪಸ್ ಬಸ್ಸಿರಲ್ಲ. ಸರೇನಾ?"

ನಾನು ಹೇಳುತ್ತಿದ್ದ ವರಸೆಯಲ್ಲೇ, ಒಂದೂ ತಪ್ಪಿಲ್ಲದೆ. ದಿನಾ ಕೇಳಿಸಿಕೊಂಡಿದ್ದಾಳೆ ಎನ್ನುತ್ತೀರಿ. ಇರಬಹುದು. ಆದರೆ ಪರಿಗಿ ಬಸ್ಸಿನ ಮಾತನ್ನು ನಾನು ಬಾಯಿ ಬಿಟ್ಟು ಹೇಳಿದ್ದೇ ಇಲ್ಲ. ಆಸ್ಪತ್ರೆಯ ನರ್ಸ್ ಕಳಿಸಿದ ಮೆಸೇಜನ್ನು ಹಾಗೇ ಫೈಲಿಗೆ ಹಾಕಿದ್ದೆ. ಅಮ್ಮನಿಗೆ ಓದಲು ಬಾರದು.

ಅವಳು ಹೇಳಿದ್ದನ್ನೇ ಎಐಗೆ ಹೇಳಿದೆ. ಸಂಜೆಯೊಳಗೆ ಕೆಲಸ ಮುಗಿಯಿತು. ಮಾರನೆಯ ದಿನ ಯಾರಿಗೂ ತೊಂದರೆಯಾಗಲಿಲ್ಲ. ಆದರೆ ಆ ಸಂಜೆ ನನಗೆ ಬೇರೆಯೇ ಆಸೆ ಹುಟ್ಟಿತ್ತು. ಇಷ್ಟೆಲ್ಲ ನೆನಪಿದೆ ಎಂದಮೇಲೆ ನಾನೂ ನೆನಪಿರಲೇಬೇಕಲ್ಲ. ಅವಳ ಕೈ ಹಿಡಿದು "ನಾನ್ಯಾರು ಹೇಳಮ್ಮ" ಎಂದೆ.

"ನೀನ್ಯಾರೋ ನಂಗೇನ್ ಗೊತ್ತು ತಾಯಿ. ಇನ್ನೇನಾರ ಕೇಳಾದಿದ್ರೆ ನನ್ ಮಗಳ್ನ ಕೇಳು. ಹಿಂದೂಪುರದಾಗವ್ಳೆ. ಆಯಮ್ಮಂಗೆ ಎಲ್ಲಾ ಗೊತ್ತು."

"ಕೇಳ್ತೀನಮ್ಮ" ಎಂದೆ. ಕಣ್ಣು ತುಂಬಿ ಬಂತು. ನಾನು ಹೇಳಿದ್ದು, ಹೇಳದೆ ಇದ್ದದ್ದು, ಹಿಂದೂಪುರದ ಮಗಳು, ಎಲ್ಲವೂ ಅವಳಲ್ಲಿ ಉಳಿದಿತ್ತು. ಕೈ ಹಿಡಿದು ಕೂತವಳು ಮಾತ್ರ ಯಾಕೆ ಉಳಿಯಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.