ಸಮುದ್ರದ ಬದಿಯಲ್ಲಿ ಅಮ್ಮನ ನಿದ್ದೆ

ಫ್ರಾಕಿನ ಬೆನ್ನಿನ ಗುಂಡಿಯನ್ನು ಅಕ್ಕನೇ ಹಾಕಿಕೊಡಬೇಕಾದಷ್ಟು ನಾನು ಚಿಕ್ಕವಳಿದ್ದಾಗ, ನಮ್ಮ ದೇರೆಬೈಲಿನ ಮನೆಯಲ್ಲಿ ಅಜ್ಜ ಹಾಸಿಗೆ ಹಿಡಿದಿದ್ದರು. ರಾತ್ರಿ ಅವರು ಕೆಮ್ಮಿದರೆ ಏಳುವವಳು ಅಮ್ಮ. ಬೆಳಿಗ್ಗೆ ಬಾವಿಯಿಂದ ನೀರು ಸೇದುವವಳೂ ಅಮ್ಮ. ಆ ವರ್ಷ ತಪಸ್ಸುಕಾಲದ ಉಪವಾಸ, ಈಸ್ಟರ್ ಹಬ್ಬದ ಅಡುಗೆ ಎಲ್ಲ ಮುಗಿಯುವಾಗ ಅವಳ ಕಣ್ಣ ಕೆಳಗೆ ಮಸಿ ಬಳಿದಂತೆ ಕಪ್ಪಾಗಿತ್ತು.

ಹಬ್ಬದ ಮರುದಿನ ರಜೆ. "ಅಜ್ಜನನ್ನು ನಾನು ನೋಡಿಕೊಳ್ತೇನೆ. ನೀವೆಲ್ಲ ಒಮ್ಮೆ ಸಮುದ್ರಕ್ಕೆ ಹೋಗಿ ಬನ್ನಿ" ಎಂದರು ಅಪ್ಪ. ಅಮ್ಮನ ಗೆಳತಿಯರಿಬ್ಬರೂ ಹೊರಟರು: ಪಕ್ಕದ ಮನೆಯ ಬ್ಯಾರಿ ಮಾಮಿ, ಎದುರು ಮನೆಯ ತುಳು ಮಾಮಿ. ನನಗೆ ಇದ್ದದ್ದು ಒಂದೇ ಆಸೆ, ನೀರಿಗೆ ಇಳಿಯಬೇಕು. "ನನ್ನ ಕೈ ಹಿಡ್ಕೊಂಡು ಮಾತ್ರ" ಎಂದು ಅಮ್ಮ ಮೊದಲೇ ಹೇಳಿದ್ದಳು.

ತೊಕ್ಕೊಟ್ಟಿನಲ್ಲಿ ಬಸ್ಸಿಳಿದು ಬಿಸಿಲಲ್ಲಿ ಸಮುದ್ರದವರೆಗೆ ನಡೆದೆವು. ಗಾಳಿಮರದ ಕೆಳಗೆ ಬುತ್ತಿ ಬಿಚ್ಚಿದೆವು. ಕಳ್ಳು ಮುಟ್ಟದ ಬ್ಯಾರಿ ಮಾಮಿಯೂ ತಿನ್ನಲಿ ಎಂದು ಅಮ್ಮ ಆ ಸಲ ಇಡ್ಲಿಯಂಥ ಸನ್ನಕ್ಕೆ ಕಳ್ಳು ಹಾಕಿರಲಿಲ್ಲ. ಹಿಟ್ಟು ಉಬ್ಬದೆ ಸನ್ನ ಕಲ್ಲಿನ ಹಾಗೆ ಆಗಿತ್ತು. "ಇದನ್ನು ಬಿಸಾಡಿದ್ರೆ ಮಾವಿನಕಾಯಿ ಬಿದ್ದೀತು" ಎನ್ನುತ್ತಲೇ ಮಾಮಿ ಇನ್ನೊಂದನ್ನು ಎತ್ತಿಕೊಂಡರು.

ಕೈ ತೊಳೆದು ಬರುವಷ್ಟರಲ್ಲಿ ಅಮ್ಮ ಮರಳ ಮೇಲೆ ಒರಗಿ ನಿದ್ದೆ ಹೋಗಿದ್ದಳು.

"ಎಂತ ಮಾರಾಯ್ತಿ, ಸಮುದ್ರ ನೋಡ್ಲಿಕ್ಕೆ ಬಂದದ್ದಾ, ಮಲಗ್ಲಿಕ್ಕೆ ಬಂದದ್ದಾ?" ಎಂದರು ತುಳು ಮಾಮಿ. ಅಮ್ಮ ಅಲುಗಲಿಲ್ಲ. ಬ್ಯಾರಿ ಮಾಮಿ ಕೊಡೆ ಬಿಚ್ಚಿ ಅಮ್ಮನ ಮುಖಕ್ಕೆ ನೆರಳು ಹಿಡಿದರು. ಬಿಸಿಲು ಸರಿದ ಹಾಗೆ ಅವರೂ ಸರಿದು ಕುಳಿತರು. ಕೈ ಸೋತಾಗ ತುಳು ಮಾಮಿ ಕೊಡೆ ತೆಗೆದುಕೊಂಡರು.

ನನಗೆ ಅಳು ಬಂತು. "ಅಕ್ಕ, ಅಮ್ಮನನ್ನು ಎಬ್ಬಿಸುವ. ಬಿರುಗಾಳಿ ಎದ್ದಾಗ ದೋಣಿಯಲ್ಲಿ ಮಲಗಿದ್ದ ಯೇಸುಸ್ವಾಮಿಯನ್ನು ಶಿಷ್ಯರು ಎಬ್ಬಿಸಲಿಲ್ಲವಾ?" ಎಂದೆ.

"ಅವರ ದೋಣಿ ಮುಳುಗ್ತಾ ಇತ್ತು. ನಿನ್ನದೆಂತ ಮುಳುಗ್ತಾ ಉಂಟು?" ಎಂದಳು ಅಕ್ಕ.

ನಾನು ಅಮ್ಮನ ಕಾಲ ಬಳಿ ಮರಳಲ್ಲಿ ಕುಳಿತೆ. ತೆರೆಗಳು ಬಂದವು, ಹೋದವು. ಉಪ್ಪುಗಾಳಿಗೆ ತುಟಿ ಒಣಗಿತು. ಆ ಬಿರುಗಾಳಿಯಲ್ಲೂ ನಿದ್ದೆ ಬರಬೇಕಾದರೆ ಯೇಸುಸ್ವಾಮಿಗೆ ಎಷ್ಟು ದಣಿವಾಗಿತ್ತೋ ಎಂದು ನಾನು ಯೋಚಿಸಿದ್ದು ಎಷ್ಟೋ ವರ್ಷಗಳ ನಂತರ, ನನ್ನದೇ ಮನೆಯ ಪಾತ್ರೆ ತೊಳೆಯುವಾಗ.

ಅಮ್ಮ ಎದ್ದಾಗ ಬಸ್ಸಿಗೆ ಹೊತ್ತಾಗಿತ್ತು. ನನ್ನ ಒಣ ಫ್ರಾಕನ್ನು ಮುಟ್ಟಿ ನೋಡಿ, "ಛೆ, ಬಾಯೆ, ನಿನ್ನನ್ನು ನೀರಿಗೆ ಇಳಿಸಲೇ ಇಲ್ಲ. ಇನ್ನೊಮ್ಮೆ ಬರುವ" ಎಂದಳು. ಆ ಇನ್ನೊಮ್ಮೆ ಬರಲಿಲ್ಲ. ಆದರೆ ಬಸ್ಸಿನಲ್ಲಿ ಅವಳ ಮುಖ ತೊಳೆದಿಟ್ಟ ಹಾಗೆ ಇತ್ತು.

ಮೊಮ್ಮಕ್ಕಳೇ, ನೀವು ಕಾರಿನಲ್ಲಿ ಹೋಗಿ, ಗೆಳೆಯರ ಜೊತೆ ಕುತ್ತಿಗೆವರೆಗೆ ನೀರಲ್ಲಿ ಆಡಿ ಬರುತ್ತೀರಿ. ಅದು ನನಗೆ ಸಂತೋಷವೇ. ನಿಮ್ಮ ಅಮ್ಮನಿಗೆ ನೀರು ಸೇದಲಿಕ್ಕಿಲ್ಲ, ಬಟ್ಟೆ ಒಗೆಯಲಿಕ್ಕಿಲ್ಲ. ಆದರೂ ಕಳೆದ ಭಾನುವಾರ ಅವಳು ಮರಳ ಮೇಲೆ ಕಣ್ಣು ಮುಚ್ಚಿದಾಗಲೆಲ್ಲ ಆಫೀಸಿನ ಫೋನು ಅವಳನ್ನು ಎಬ್ಬಿಸುತ್ತಿತ್ತು. ನನ್ನ ಅಮ್ಮನಿಗೆ ಕೊಟ್ಟ ಆ ಒಂದು ಮಧ್ಯಾಹ್ನಕ್ಕಾಗಿ ನಾನು ಈಗಲೂ ದೇವರಿಗೆ ಸ್ತೋತ್ರ ಹೇಳುತ್ತೇನೆ. ನಿಮ್ಮ ಅಮ್ಮನಿಗೂ ಅಂಥ ಒಂದು ಮಧ್ಯಾಹ್ನವನ್ನು ಅವನಲ್ಲಿ ಕೇಳುತ್ತಿದ್ದೇನೆ.