ತಿಮ್ಮಕ್ಕನ ಕಿವಿ, ಕಾಂತೇಶನ ಪೆಟ್ಟಿಗೆ

ತಿಪಟೂರಿನ ಸ್ಟೇಷನ್ ರಸ್ತೆಯಲ್ಲಿ ಟೀವಿ, ಮಿಕ್ಸಿ, ಸ್ಟೆಬಿಲೈಜರ್ ರಿಪೇರಿ ಮಾಡುತ್ತಿದ್ದ ಕಾಂತೇಶ್ ಈ ಮಾಘದಲ್ಲಿ ತೀರಿಕೊಂಡ. ಐವತ್ತೆರಡು ವರ್ಷ ವಯಸ್ಸು. ಅವನ ಬಗ್ಗೆ ಹೇಳುವುದು ಬಹಳ ಇದೆ. ಆದರೆ ಕೊನೆಯ ವರ್ಷವನ್ನು ಅವನು ಯಾವುದಕ್ಕೆ ಕೊಟ್ಟ ಎನ್ನುವುದನ್ನು ಹೇಳಿದರೆ ಉಳಿದದ್ದೂ ತಿಳಿದೀತು. ಆ ವರ್ಷವೆಲ್ಲ ಅವನು ಒಂದು ತಪ್ಪನ್ನು ಸರಿಮಾಡಲು ಹೆಣಗಿದ. ತಪ್ಪು ಅವನದೇ.

ಹತ್ತಿರದ ಹೊನ್ನವಳ್ಳಿಯಲ್ಲಿ ಅವನ ಸೋದರತ್ತೆ ಹುಚ್ಚಕ್ಕ ಮತ್ತು ಇನ್ನೂ ಹತ್ತು ಹೆಂಗಸರು ಸೇರಿ ಒಂದೇ ಅಟ್ಟಕ್ಕೆ ಕಾಯಿ ಹಾಕುತ್ತಾರೆ. ಸಿಪ್ಪೆ ಸಮೇತ ಹನ್ನೊಂದು ತಿಂಗಳು ಕೂತ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಯಾವ ದಿನ ಒಡೆಯಬೇಕು ಎನ್ನುವುದೇ ಕಷ್ಟ. ಆತುರಪಟ್ಟರೆ ಒಳಗೆ ತೇವ ಉಳಿದು ಕೊಬ್ಬರಿ ಕಪ್ಪಾಗುತ್ತದೆ. ಒಡೆದ ಕಾಯಿಯನ್ನು ತಿರುಗಿ ಅಟ್ಟಕ್ಕೆ ಹಾಕುವಂತಿಲ್ಲ.

ಆ ದಿನವನ್ನು ಹೇಳುತ್ತಿದ್ದವಳು ಅದೇ ಊರಿನ ಮುದುಕಿ ತಿಮ್ಮಕ್ಕ. ಅಟ್ಟದ ನಾಲ್ಕು ಮೂಲೆಯಿಂದ ಕಾಯಿ ತರಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಉಂಡೆ ಲೊಟಲೊಟ ಎನ್ನುವುದು ಎಲ್ಲರಿಗೂ ಕೇಳುತ್ತದೆ. ಅದರ ಹಿಂದೆ ಉಳಿದ ಒಂದು ಗುಟುಕು ನೀರಿನ ಕುಳುಕು ಅವಳಿಗೆ ಮಾತ್ರ ಕೇಳುತ್ತಿತ್ತು. ನಲವತ್ತು ವರ್ಷ ಅವಳ ಮಾತು ತಪ್ಪಿರಲಿಲ್ಲ.

ಎರಡು ವರ್ಷದ ಕೆಳಗೆ ತಿಮ್ಮಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಚಿಕ್ಕನಾಯಕನಹಳ್ಳಿಯ ಮಗಳ ಮನೆಯಲ್ಲಿ ಮಂಚ ಹಿಡಿದಳು. ಹೋದ ವರ್ಷ ಅಟ್ಟದ ಕಾಯಿ ಒಡೆಯುವ ಕಾಲ ಬಂದಾಗ ಹೆಂಗಸರು ಕಂಗಾಲಾದರು. "ಅದಕ್ಯಾಕ್ ಅಷ್ಟ್ ಯೋಚ್ನೆ, ಫೋನಲ್ಲಿ ವಿಡಿಯೋ ಕಾಲ್ ಮಾಡಿ ಕೇಳುಸ್ತೀನಿ ಬುಡ್ರತ್ತೆ" ಎಂದವನು ಕಾಂತೇಶ್. ಕೇಳಿಸಿದ. ತಿಮ್ಮಕ್ಕ ಇಪ್ಪತ್ತು ಕಾಯಿ ಕೇಳಿ, "ಒಡೀರಿ" ಅಂದಳು. ಅರ್ಧಕ್ಕರ್ಧ ಕಾಯಿ ಒಳಗೆ ಹಸಿ ಇದ್ದವು.

ಹೆಂಗಸರು ಅವಳನ್ನು ಒಂದು ಮಾತೂ ಅನ್ನಲಿಲ್ಲ. ಕಾಂತೇಶ್ ನೋಡಲು ಹೋದಾಗ ತಿಮ್ಮಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ನನ್ ಕಿವಿ ಹೋಯ್ತು ಕಣಪ್ಪ. ಇನ್ ನನ್ನ ಕೇಳ್ಬ್ಯಾಡ್ರಿ" ಎಂದಳು. ಆಮೇಲೆ ಅವಳು ಯಾವ ಕಾಯಿಯನ್ನೂ ಮುಟ್ಟಲಿಲ್ಲ. ಮನೆಯ ಅಡುಗೆಗೆ ತಂದದ್ದನ್ನೂ.

ಇದು ಅವನನ್ನು ಬಿಡಲಿಲ್ಲ. ಅಂಗಡಿಯಲ್ಲಿ ಎರಡು ಫೋನ್ ಇಟ್ಟುಕೊಂಡು, ಒಂದನ್ನು ಪಕ್ಕದ ಟೈಲರ್ ಆಂಜನಪ್ಪನ ಕೈಗೆ ಕೊಟ್ಟು, ಅರ್ಧ ಒಣಗಿದ ಕಾಯಿ ಹಿಡಿದು ಅಲ್ಲಾಡಿಸಿದ. ಆಂಜನಪ್ಪನಿಗೆ ಉಂಡೆಯ ಸದ್ದು ಕೇಳಿತು, ನೀರಿನದು ಕೇಳಲಿಲ್ಲ. ಮಾತಲ್ಲದ ಸದ್ದನ್ನೆಲ್ಲ ಗಲಾಟೆ ಎಂದು ಸೋಸುವುದು ಫೋನಿನ ಬುದ್ಧಿ. ಕುಳುಕನ್ನು ಅದು ಗುಡಿಸಿ ಹಾಕಿತ್ತು. ತಿಮ್ಮಕ್ಕನ ಕಿವಿ ಸರಿಯಾಗಿಯೇ ಇತ್ತು. ಅದನ್ನು ಅವಳಿಗೆ ಬಾಯಲ್ಲಿ ಹೇಳಿದ. ಅವಳು ನಂಬಲಿಲ್ಲ. "ಸಮಾಧಾನ ಮಾಡಕ್ ಬಂದೀಯ" ಎಂದಳು.

ರೆಕಾರ್ಡ್ ಮಾಡಿ ಕೇಳಿಸಬಹುದಿತ್ತು. ಆದರೆ ತಿಮ್ಮಕ್ಕ ಕೇಳುವ ಕ್ರಮವೇ ಬೇರೆ. ಮಗ್ಗುಲಾಗಿಸು, ಈಗ ಮೆತ್ತಗೆ, ಈಗ ತೊಟ್ಟು ಕೆಳಗೆ ಮಾಡು ಎನ್ನುತ್ತ ಕೇಳಬೇಕು.

ಅಂಗಡಿಯ ಮೇಲಿನ ಹಲಗೆಯಲ್ಲಿ ಒಂದು ಹಳೆಯ ವಿಡಿಯೋ ಕಾನ್ಫರೆನ್ಸ್ ಪೆಟ್ಟಿಗೆ ಇತ್ತು. ಯಾವುದೋ ಕಚೇರಿಯವರು ಹದಿನೈದು ವರ್ಷದ ಹಿಂದೆ ಕೊಂಡು, ಆಮೇಲೆ ಗುಜರಿಗೆ ಹಾಕಿದ್ದು. ಕತ್ತು ತಿರುಗಿಸುವ ಕ್ಯಾಮೆರಾ, ಮೇಜಿನ ಮೇಲಿಡುವ ಮೂರು ಮೂಲೆಯ ಮೈಕು. ಆ ಮೈಕಿನ ಸೋಸುವ ಬುದ್ಧಿಯನ್ನು ನಿಲ್ಲಿಸಿಬಿಡಲು ಒಂದು ಆಯ್ಕೆ ಇತ್ತು. ಕಾಂತೇಶನಿಗೆ ಬೇಕಾದದ್ದು ಅದೇ. ತೊಂದರೆ ಎಂದರೆ, ಆ ಪೆಟ್ಟಿಗೆ ತನ್ನ ಕಾಲದ ಭಾಷೆಯಲ್ಲಿ ಮಾತ್ರ ಕರೆ ಮಾಡುತ್ತಿತ್ತು. ಈಗಿನ ಫೋನು, ಲ್ಯಾಪ್‌ಟಾಪುಗಳಿಗೆ ಅದು ತಿಳಿಯುವುದಿಲ್ಲ. ತಯಾರಿಸಿದ ಕಂಪನಿಗೆ ಬರೆದರೆ, ಆ ಮಾದರಿ ಮುಗಿದಿದೆ, ಹೊಸದನ್ನು ಕೊಳ್ಳಿ ಎಂದು ಉತ್ತರ ಬಂತು.

ಹಾಗಾಗಿ ಅವನು ನಡುವೆ ನಿಂತು ಎರಡೂ ಭಾಷೆ ಆಡುವ ತಂತ್ರಾಂಶ ಹುಡುಕತೊಡಗಿದ. ಪುಕ್ಕಟೆ ಸಿಗುವ, ಒಳಗನ್ನು ಬಿಚ್ಚಿ ತಿದ್ದಲು ಬಿಡುವ ಮುಕ್ತ ತಂತ್ರಾಂಶವೇ ಬೇಕೆಂದು ಹಟ. "ಬಿಚ್ಚಕ್ಕೆ ಬರ್ದೇ ಇರೋದ್ನ ನಾನ್ ಯಾವತ್ ರಿಪೇರಿ ಮಾಡಿದೀನಿ?" ಎನ್ನುತ್ತಿದ್ದ. ಮೊದಲು ಹಾಕಿಕೊಂಡದ್ದು ಬಹಳ ಚೆನ್ನಾಗಿತ್ತು, ಹಳೆಯ ಪೆಟ್ಟಿಗೆಯನ್ನು ಮಾತ್ರ ಗುರುತೇ ಹಿಡಿಯಲಿಲ್ಲ. ಎರಡನೆಯದಕ್ಕೆ ಹಳೆಯ ಭಾಷೆ ಬರುತ್ತಿತ್ತು, ಆದರೆ ಅದನ್ನು ಬರೆದವರೇ ಎಂಟು ವರ್ಷದ ಹಿಂದೆ ಕೈಬಿಟ್ಟಿದ್ದರು. ಹೊಸ ಕಂಪ್ಯೂಟರಿನಲ್ಲಿ ಏಳಲೇ ಇಲ್ಲ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಕೈಪಿಡಿ ಓದುತ್ತಿದ್ದ. ರಿಪೇರಿಗೆ ಬಂದ ಮಿಕ್ಸಿಗಳು ಸಾಲುಗಟ್ಟಿದವು.

"ಏನ್ಲಾ, ತೆಂಗಿನ್ಕಾಯಿಗೆ ಇಂಗ್ಲಿಷ್ ಕಲುಸ್ತಿದೀಯಾ?" ಎಂದ ಆಂಜನಪ್ಪ.

"ಕಾಯಿಗಲ್ಲ ಕಣ್ಲಾ, ಪೆಟ್ಟಿಗೆಗೆ. ಕಾಯಿಗೆ ಆಗ್ಲೇ ಬತ್ತದೆ."

ಮೂರನೆಯದು ದೀಪಾವಳಿಯ ಹೊತ್ತಿಗೆ ಸಿಕ್ಕಿತು. ಅದನ್ನು ಅಂಗಡಿಯ ಮೂಲೆಯ ಕಂಪ್ಯೂಟರಿನಲ್ಲಿ ಕೂರಿಸಿದ. ಒಂದು ಕಡೆಯಿಂದ ಹಳೆಯ ಪೆಟ್ಟಿಗೆ ಕರೆಯುತ್ತದೆ, ಇನ್ನೊಂದು ಕಡೆ ತಿಮ್ಮಕ್ಕನ ಮೊಮ್ಮಗಳು ಪದ್ಮಶ್ರೀಯ ಲ್ಯಾಪ್‌ಟಾಪ್ ಉತ್ತರಿಸುತ್ತದೆ.

ಸಂಕ್ರಾಂತಿ ಕಳೆದ ವಾರ ಪೆಟ್ಟಿಗೆಯನ್ನು ಹುಚ್ಚಕ್ಕನ ಪಡಸಾಲೆಯ ಟೀವಿಗೆ ಜೋಡಿಸಿದ. ಅತ್ತ ಚಿಕ್ಕನಾಯಕನಹಳ್ಳಿಯಲ್ಲಿ ಪದ್ಮಶ್ರೀ ಅಜ್ಜಿಯನ್ನು ಬಲವಂತ ಮಾಡಿ ಒರಗಿಸಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದಳು. ಹುಚ್ಚಕ್ಕ ಒಂದೊಂದೇ ಕಾಯಿಯನ್ನು ಮೈಕಿನ ಮುಂದೆ ಅಲ್ಲಾಡಿಸಿದಳು. ಐದಾರು ಕಾಯಿ ಆದ ಮೇಲೆ ತಿಮ್ಮಕ್ಕ ಹೆಡ್‌ಫೋನ್ ತೆಗೆದಿಟ್ಟಳು.

"ಎಲ್ಲಾ ಒಂದೇ ಥರ ಕೇಳುಸ್ತವೆ. ನಾ ಹೇಳ್ಲಿಲ್ವಾ?"

ಕಾಂತೇಶ್ ಬೈಕ್ ಹತ್ತಿ ಅಂಗಡಿಗೆ ಹೋದ. ಕರೆಯ ವಿವರವನ್ನು ಸಾಲು ಸಾಲಾಗಿ ನೋಡಿದ. ಧ್ವನಿ ಸಾಗಿಸಲು ತಂತ್ರಾಂಶಕ್ಕೆ ಹಲವು ದಾರಿಗಳಿದ್ದವು. ಅದು ಪಟ್ಟಿಯಲ್ಲಿ ಮೊದಲಿದ್ದ ದಾರಿಯನ್ನು ಹಿಡಿದಿತ್ತು. ಆ ದಾರಿ ಹಳೆಯ ಟೆಲಿಫೋನಿನಷ್ಟು ಕಿರಿದು, ಮಾತಿಗೆ ಸಾಕು, ಕಾಯಿಗೆ ಸಾಲದು. ಪಟ್ಟಿಯ ಕೆಳಗೆ ಅಗಲವಾದ ದಾರಿ ಇತ್ತು, ಪೆಟ್ಟಿಗೆಗೂ ಅದು ಗೊತ್ತಿತ್ತು. ಆ ಸಾಲನ್ನು ಎತ್ತಿ ಮೇಲೆ ಇಟ್ಟ. ಎಂಟು ತಿಂಗಳ ಹುಡುಕಾಟದ ಕೊನೆಗೆ ಬೇಕಾದದ್ದು ಇಷ್ಟೇ.

ಮಾರನೆಯ ದಿನ ತಿಮ್ಮಕ್ಕನನ್ನು ಒಪ್ಪಿಸಲು ಪದ್ಮಶ್ರೀಗೆ ಮಧ್ಯಾಹ್ನವಾಯಿತು. ಹುಚ್ಚಕ್ಕ ಕಾಂತೇಶನಿಗೂ ಹೇಳದೆ ಒಣಗಿದ ಕಾಯಿಗಳ ನಡುವೆ ಹೋದ ತಿಂಗಳು ಇಳಿಸಿದ ಒಂದು ಕಾಯಿ ಸೇರಿಸಿದ್ದಳು. ನಾಲ್ಕನೆಯ ಕಾಯಿ ಅಲ್ಲಾಡಿಸುವಾಗ ಪರದೆಯ ಮೇಲೆ ತಿಮ್ಮಕ್ಕನ ಹುಬ್ಬು ಗಂಟಾಯಿತು.

"ಯಾವಳೇ ಅದು, ಎಳನೀರ್ ತಂದು ನನ್ ಮುಂದೆ ಹಿಡ್ದಿರೋಳು?"

ಪಡಸಾಲೆಯಲ್ಲಿ ಎಲ್ಲರೂ ನಕ್ಕರು. ತಿಮ್ಮಕ್ಕ ನಗಲಿಲ್ಲ. ಮುಂದಿನದನ್ನು ಹಿಡಿ ಎಂದಳು. ಒಂದೊಂದೂ ಅಟ್ಟದ ಯಾವ ಕಡೆಯದು ಎಂದು ವಿಚಾರಿಸುತ್ತ ಮೂವತ್ತು ಕಾಯಿ ಕೇಳಿದಳು. "ಮೂಡ್ಲ ಮಗ್ಗುಲಿನವು ಇನ್ನೂ ಕುಳುಕ್ತಾವೆ. ಇಪ್ಪತ್ ದಿನ ಬುಟ್ಟು ನನ್ನ ಕೇಳಿ" ಎಂದಳು. ಆಮೇಲೆ, "ಕಾಂತೇಶ, ಅಲ್ಲಿದೀಯಾ?" ಎಂದಳು.

"ಇದೀನಿ."

"ನನ್ ಕಿವಿ ನೆಟ್ಗಿತ್ತು ಅನ್ನು."

"ನೆಟ್ಗಿತ್ತು ಕಣಜ್ಜಿ. ಫೋನ್ ಕೆಟ್ಟಿತ್ತು."

ಇದಾದ ಹದಿನಾಲ್ಕನೆಯ ದಿನ ಬೆಳಿಗ್ಗೆ ಕಾಂತೇಶ್ ಅಂಗಡಿಯ ಷಟರ್ ಎತ್ತುವಾಗ ಕುಸಿದ. ಆಂಜನಪ್ಪ ಆಟೋದಲ್ಲಿ ಆಸ್ಪತ್ರೆಗೆ ಒಯ್ದ. ದಾರಿಯಲ್ಲೇ ಮುಗಿದಿತ್ತು.

ಇಪ್ಪತ್ತನೆಯ ದಿನ ಹೆಂಗಸರು ಹುಚ್ಚಕ್ಕನ ಪಡಸಾಲೆಯಲ್ಲಿ ಸೇರಿದರು. ಅಟ್ಟ ಕಾಯುವುದಿಲ್ಲ. ಅಂಗಡಿ ಮುಚ್ಚಿತ್ತು, ಆದರೆ ಮೂಲೆಯ ಕಂಪ್ಯೂಟರನ್ನು ಕಾಂತೇಶನ ಹೆಂಡತಿ ಶಿಲ್ಪ ಆರಿಸಿರಲಿಲ್ಲ. ಅದಕ್ಕೆ ಅವನು 'ಆರಿಸಬೇಡ' ಎಂದು ಚೀಟಿ ಅಂಟಿಸಿದ್ದ. ಪೆಟ್ಟಿಗೆಯ ಬೆನ್ನಿಗೂ ಒಂದು ಚೀಟಿ ಇತ್ತು, ದುಂಡಗಿನ ಅಕ್ಷರದಲ್ಲಿ ಐದು ಸಾಲು. ಹುಚ್ಚಕ್ಕ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಜೋರಾಗಿ ಓದಿ, ಹಾಗೆಯೇ ಮಾಡಿದಳು. ಪರದೆಯ ಮೇಲೆ ತಿಮ್ಮಕ್ಕ ಬಂದಳು. ಆಗಲೇ ಹೆಡ್‌ಫೋನ್ ಹಾಕಿಕೊಂಡು ಕಾಯುತ್ತಿದ್ದಳು.

ಕೊನೆಯ ಸಾಲು ಉಳಿದಿತ್ತು. "ಫ್ಯಾನ್ ಆರಿಸಿ. ಯಾರೂ ಮಾತಾಡಬೇಡಿ."

ಹುಚ್ಚಕ್ಕ ಫ್ಯಾನ್ ಆರಿಸಿದಳು. ಅದು ಪೂರ್ತಿ ನಿಲ್ಲುವ ತನಕ ಎಲ್ಲರೂ ಸುಮ್ಮನೆ ಕೂತರು. ಆಮೇಲೆ ಅವಳು ಮೂಡಲ ಮಗ್ಗುಲಿನ ಕಾಯಿಗಳನ್ನು ಒಂದೊಂದಾಗಿ ಎತ್ತಿ ಮೈಕಿನ ಮುಂದೆ ಅಲ್ಲಾಡಿಸಿದಳು.

"ಒಡೀರಿ" ಎಂದಳು ತಿಮ್ಮಕ್ಕ.